ಪಿಎಸ್4 ಸ್ಲಿಮ್ ಆನ್ ಆಗುತ್ತಿಲ್ಲ, ಲೈಟೂ ಇಲ್ಲ, ಬೀಪೂ ಇಲ್ಲ (ನಾಪೋಕ್ಲು ಕಡೆ)

ಕಾಫಿಹೂವು · ಭಾನುವಾರ ಸಂಜೆ 6:20
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ. ಮಗನ ಪಿಎಸ್4 ಸ್ಲಿಮ್ (ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ ಗೇಮ್ ಕನ್ಸೋಲ್) ನಿನ್ನೆ ರಾತ್ರಿಯಿಂದ ಆನ್ ಆಗುತ್ತಿಲ್ಲ. ಬಟನ್ ಒತ್ತಿದರೆ ಬೀಪ್ ಇಲ್ಲ, ಲೈಟ್ ಇಲ್ಲ, ಫ್ಯಾನ್ ಸದ್ದೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಗಾಳಿಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟು ಹೋಗಿತ್ತು. ಶನಿವಾರ ಸಂಜೆ ಬಂತು. ಮಳೆ ರಜೆ ಕೊಟ್ಟಿದ್ದರಿಂದ ಮಗ ಮನೆಯಲ್ಲೇ ಇದ್ದ. ಕರೆಂಟು ಬಂದ ಕೂಡಲೇ ಆಡಲು ಕೂತ. ಹತ್ತು ನಿಮಿಷ ಆಗಿರಬೇಕು, ಟಪ್ ಅಂತ ಆಫ್ ಆಯಿತು. ಅಷ್ಟೇ.

ಎರಡು ವರ್ಷ ಮೆಣಸು ಕೊಯ್ಲಿನಲ್ಲಿ ಏಣಿ ಹತ್ತಿ ದುಡಿದು, ಆ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು ಅವನು. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ನೋಡದೇನೇ ‘ಬೋರ್ಡ್ ಹೋಗಿರುತ್ತೆ, 12 ಸಾವಿರ ಆಗುತ್ತೆ’ ಅಂದರು. ನೋಡದೆ ಹೇಗೆ ಗೊತ್ತಾಗುತ್ತದೆ? ಮನೆಯಲ್ಲೇ ಏನೇನು ಪರೀಕ್ಷೆ ಮಾಡಬಹುದು ಅಂತ ತಿಳಿದವರು ಹೇಳಿ. ನಮ್ಮ ಯಜಮಾನರು ಪಂಪ್‌ಸೆಟ್‌ಗೆ ಅಂತ ತಂದ ಮಲ್ಟಿಮೀಟರ್ ಇದೆ.

ಕುಶಾಲನಗರದ_ಹುಡುಗ · 6:31
ವೈರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ಆಂಟಿ. ನನ್ನದು ಎರಡು ಸಲ ಹಾಗೇ ಸರಿ ಹೋಗಿದೆ.

ಮಂಜಿನೂರು · 6:38
ಮಡಿಕೇರಿಯಿಂದ. ನನ್ನ ಪ್ರಕಾರ ಇದು ತೇವ. ಈ ಮಳೆಯಲ್ಲಿ ನಮ್ಮ ಮನೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿದಿದೆ, ಇನ್ನು ಮೆಷಿನ್ ಒಳಗೆ ಹೇಗಿರಬೇಡ. ಅಕ್ಕಿ ಡಬ್ಬದಲ್ಲಿ ಎರಡು ದಿನ ಇಡಿ.

ಸೋಲ್ಡರ್_ಹೊಗೆ · 6:52
ಅಕ್ಕಿ ಬೇಡ. ಅಕ್ಕಿಯ ಹುಡಿ ಫ್ಯಾನಿನ ಜಾಲರಿಯೊಳಗೆ ಹೋಗಿ ಕೂತರೆ ತೆಗೆಯುವುದು ಕಷ್ಟ. ತೇವ ಇದ್ದರೆ ಬಲ್ಬ್ ಹಾಕಿದ ಪೆಟ್ಟಿಗೆಯ ಬಿಸಿ ಸಾಕು, ಕ್ಯಾಮೆರಾದವರು ಲೆನ್ಸ್ ಇಡುತ್ತಾರಲ್ಲ, ಹಾಗೆ. ಆದರೆ ಆಡುತ್ತಾ ಇದ್ದದ್ದು ಟಪ್ ಅಂತ ನಿಂತದ್ದು ತೇವದ ಲಕ್ಷಣ ಅಲ್ಲ. ಹತ್ತು ನಿಮಿಷ ಓಡಿ ಬಿಸಿಯಾದ ಮೆಷಿನ್ ಅದು.

ಅಕ್ಕ, ನಾನು ಗೋಣಿಕೊಪ್ಪದಲ್ಲಿ ಹದಿನೈದು ವರ್ಷದಿಂದ ಟಿವಿ, ಇನ್ವರ್ಟರ್, ಹೋಂ ಥಿಯೇಟರ್ ರಿಪೇರಿ ಮಾಡುತ್ತೇನೆ. ಮೂರು ವಿಷಯ ಹೇಳಿ. ವೈರ್ ಹಾಕುವಾಗ ಒಳಗೆ ಟಿಕ್ ಅಂತ ಸಣ್ಣ ಸದ್ದು ಬರುತ್ತದಾ? ಸುಟ್ಟ ವಾಸನೆ ಇದೆಯಾ? ಬೇರೆ ಪವರ್ ವೈರ್ ಹಾಕಿ ನೋಡಿದಿರಾ? ಸ್ಲಿಮ್‌ಗೆ ಬರುವುದು ರೇಡಿಯೋಗೆ ಹಾಕುವ ಮಾಮೂಲಿ ಎರಡು ತೂತಿನ ವೈರೇ, 8ರ ಆಕಾರದ ತುದಿ ಇರುವಂಥದ್ದು.

ಕಾಫಿಹೂವು · 7:15
ಅರ್ಧ ನಿಮಿಷ ಒತ್ತಿ ಹಿಡಿದದ್ದೂ ಆಯಿತು. ಏನೂ ಆಗಲಿಲ್ಲ. ಮಾವನವರ ಹಳೇ ಟೇಪ್ ರೆಕಾರ್ಡರ್ ವೈರ್ ಹಾಕಿ ನೋಡಿದೆವು. ಆಗಲೂ ಇಲ್ಲ. ಟಿಕ್ ಸದ್ದಿಲ್ಲ. ಹಿಂದುಗಡೆ ಜಾಲರಿ ಹತ್ತಿರ ಮೂಗಿಟ್ಟರೆ ಮೀನು ಕರಿದ ಎಣ್ಣೆ ಸೀದ ಹಾಗೆ ಸಣ್ಣ ವಾಸನೆ. ಅದೇ ಪ್ಲಗ್ಗಿಗೆ ಫೋನ್ ಚಾರ್ಜರ್ ಹಾಕಿದೆವು, ಚಾರ್ಜ್ ಆಗುತ್ತಿದೆ. ಹಾಗಾಗಿ ಕರೆಂಟಿನ ತೊಂದರೆ ಅಲ್ಲ.

ಕಿತ್ತಳೆ_ತೋಟ · 7:20
ಜಿರಳೆ ಇರಬಹುದು. ನಿಜವಾಗಿ ಹೇಳುತ್ತಿದ್ದೇನೆ. ಪಿಎಸ್4 ಒಳಗೆ ಬೆಚ್ಚಗಿರುತ್ತದೆ, ಕತ್ತಲೆ ಬೇರೆ. ನಮ್ಮ ಸಿದ್ದಾಪುರದ ಮನೆಯಲ್ಲಿ ಬಿಚ್ಚಿದಾಗ ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಒಂದು ಹಲ್ಲಿ ಎರಡು ತಂತಿಗೆ ಅಡ್ಡಲಾಗಿ ಸುಟ್ಟು ಅಂಟಿಕೊಂಡಿತ್ತು. ಮೀನಿನ ವಾಸನೆ ಅಂದ ಕೂಡಲೇ ನೆನಪಾಯಿತು.

ಬ್ರಹ್ಮಗಿರಿ · 7:24
ಬಿಎಲ್‌ಓಡಿ (ಬ್ಲೂ ಲೈಟ್ ಆಫ್ ಡೆತ್) ಇರಬಹುದಾ? ನೀಲಿ ಲೈಟ್ ಮಿನುಗಿ ಆಫ್ ಆಗುವುದು?

ಕುಶಾಲನಗರದ_ಹುಡುಗ · 7:26
ಲೈಟೇ ಬರುತ್ತಿಲ್ಲ ಅಂದರಲ್ಲ ಅಣ್ಣಾ. ನೀಲಿ ಬರಬೇಕಾದರೂ ಒಳಗೆ ಕರೆಂಟು ಹೋಗಬೇಕು.

ಬ್ರಹ್ಮಗಿರಿ · 7:29
ಹೌದು, ಓದದೆ ಬರೆದೆ. ಕ್ಷಮಿಸಿ.

ಸೋಲ್ಡರ್_ಹೊಗೆ · 7:48
ನೀಲಿ ಬಂದು ಬಿಳಿಯಾಗದೆ ನಿಂತರೆ ಪವರ್ ಸಪ್ಲೈ ತಕ್ಕಮಟ್ಟಿಗೆ ಇದೆ, ತೊಂದರೆ ಹಾರ್ಡ್ ಡಿಸ್ಕ್, ಎಚ್‌ಡಿಎಂಐ ಅಥವಾ ಬೋರ್ಡಿನ ಕಡೆ ಅಂತ ಹುಡುಕಬೇಕು. ಬೀಪ್ ಬಂದು ಟಿವಿಯಲ್ಲಿ ಚಿತ್ರ ಇಲ್ಲದಿದ್ದರೆ ಅದು ಇನ್ನೊಂದು ಕಥೆ. ಏನೂ ಇಲ್ಲ ಅಂದರೆ ಗೋಡೆಯಿಂದ ಶುರು ಮಾಡಿ ಒಳಗೆ ಬರಬೇಕು. ಎಲ್ಲರೂ ಬೋರ್ಡಿನಿಂದ ಶುರು ಮಾಡುತ್ತಾರೆ. ಅದಕ್ಕೇ 12 ಸಾವಿರ ಆಗುವುದು.

ಅಕ್ಕ, ಫೋನ್ ಚಾರ್ಜ್ ಆಯಿತು ಅಂದರೆ ಕರೆಂಟು ಇದೆ ಅಂತ ಮಾತ್ರ ಅರ್ಥ. ಎಷ್ಟಿದೆ ಅಂತ ಅಲ್ಲ. ಶನಿವಾರ ಕರೆಂಟು ಬಂದ ಮೇಲೆ ಮನೆಯಲ್ಲಿ ಬೇರೆ ಏನಾದರೂ ಕೆಟ್ಟಿದೆಯಾ? ಬಲ್ಬ್, ಮಿಕ್ಸಿ, ಸೆಟ್‌ಟಾಪ್ ಬಾಕ್ಸ್? ಸುಮ್ನೆ ಕೇಳುತ್ತಿಲ್ಲ.

ಕಾಫಿಹೂವು · 8:05
ಹಾಲ್‌ನ ಎರಡು ಎಲ್‌ಇಡಿ ಬಲ್ಬ್ ಹೋಗಿವೆ. ಅಗ್ಗದ ಬಲ್ಬ್, ಅದಕ್ಕೇ ಹೋಯಿತು ಅಂದುಕೊಂಡೆ. ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಇವತ್ತು ಬೆಳಿಗ್ಗೆಯಿಂದ ಕೆಲಸ ಮಾಡುತ್ತಿಲ್ಲ. ಬಚ್ಚಲಿನ ಹಳೇ ಬುರುಡೆ ಬಲ್ಬ್ ಯಾವತ್ತಿಗಿಂತ ಜೋರಾಗಿ ಉರಿಯುತ್ತಿದೆ ಅಂತ ಅತ್ತೆ ಹೇಳಿದ್ದರು. ಈಗ ಒಂದಕ್ಕೊಂದು ಸೇರಿಸಿ ನೋಡಿದರೆ ಭಯ ಆಗುತ್ತಿದೆ.

ತಂತಿಕಂಬ · 8:09
ಅಕ್ಕ, ಮೊದಲು ಫ್ರಿಜ್ಜು, ಟಿವಿ, ಪಂಪು ಎಲ್ಲದರ ಪ್ಲಗ್ ಕೀಳಿ. ಈಗಲೇ. ಆಮೇಲೆ ಯಜಮಾನರಿಗೆ ಮೀಟರ್ ಹಿಡಿಯಲು ಹೇಳಿ. ಎಸಿಯಲ್ಲಿ ದೊಡ್ಡ ರೇಂಜ್ ಇಟ್ಟು ಪ್ಲಗ್ಗಿನ ಎರಡು ತೂತಿಗೆ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ.

ಕಾಫಿಹೂವು · 8:21
291 ತೋರಿಸುತ್ತಿದೆ. ಸ್ವಲ್ಪ ಹೊತ್ತಿಗೆ 274. ಮತ್ತೆ 288.

ತಂತಿಕಂಬ · 8:23
230ರ ಆಸುಪಾಸು ಇರಬೇಕಾದದ್ದು ಅದು. ಮೈನ್ ಆಫ್ ಮಾಡಿ. ಇವತ್ತು ರಾತ್ರಿ ಮೇಣದಬತ್ತಿಯೇ ಇರಲಿ. ಇದು ನ್ಯೂಟ್ರಲ್ ಬಿಟ್ಟಿರುವುದು.

ನಾನು ವೈರಿಂಗ್ ಕೆಲಸದವನು, ಸೋಮವಾರಪೇಟೆ ಕಡೆ. ಮಳೆಗಾಲದಲ್ಲಿ ಇದನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ಒಂದು ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ಹೊರಡುತ್ತದೆ. ನಿಮ್ಮ ಮನೆ ಒಂದು ಫೇಸಲ್ಲಿ, ಪಕ್ಕದವರದು ಇನ್ನೊಂದರಲ್ಲಿ ಇರುತ್ತದೆ. ವಾಪಸು ಹೋಗುವ ನ್ಯೂಟ್ರಲ್ ತಂತಿ ಎಲ್ಲರಿಗೂ ಒಂದೇ. ಕೊಂಬೆ ಬಿದ್ದು ಎಳೆದಾಗ ಆ ನ್ಯೂಟ್ರಲಿನ ಜಾಯಿಂಟ್ ಸಡಿಲ ಆಗಿದ್ದರೆ, ಎರಡು ಫೇಸಿನ ನಡುವಿನ 400 ವೋಲ್ಟ್ ಎರಡು ಮನೆಗಳ ನಡುವೆ ಹಂಚಿ ಹೋಗುತ್ತದೆ. ಸಮ ಪಾಲಲ್ಲ. ಜಾಸ್ತಿ ಲೋಡ್ ಇರುವ ಮನೆಗೆ ಕಡಿಮೆ ವೋಲ್ಟ್, ಎರಡು ಬಲ್ಬ್ ಉರಿಸುವ ಮನೆಗೆ ಜಾಸ್ತಿ ವೋಲ್ಟ್. ಪಕ್ಕದ ಮನೆಯವರನ್ನು ಕೇಳಿ ನೋಡಿ, ಅವರ ಲೈಟ್ ಮಂಕಾಗಿರಬೇಕು.

ಕಾಫಿಹೂವು · 8:58
ಇವರು ಟಾರ್ಚ್ ಹಿಡಿದು ಗದ್ದೆ ದಾಟಿ ಹೋಗಿ ಕೇಳಿ ಬಂದರು. ಅವರ ಟ್ಯೂಬ್‌ಲೈಟ್ ಶನಿವಾರದಿಂದ ಹತ್ತಿಲ್ಲ, ಫ್ರಿಜ್ ಗುಂ ಅನ್ನುತ್ತದೆ, ಓಡುವುದಿಲ್ಲ. ನೀವು ಹೇಳಿದ ಹಾಗೇ ಇದೆ ಅಣ್ಣಾ. ಅವರಿಗೂ ಮೈನ್ ಇಳಿಸಲು ಹೇಳಿದ್ದಾರೆ. ಬೆಳಿಗ್ಗೆ ಲೈನ್‌ಮನ್‌ಗೆ ತಿಳಿಸುತ್ತೇವೆ.

ತಂತಿಕಂಬ · 9:02
ಬೆಳಿಗ್ಗೆ ಅಲ್ಲ, ಈಗಲೇ ಹೇಳಿಡಿ. ‘ಕರೆಂಟಿಲ್ಲ’ ಅನ್ನಬೇಡಿ, ‘ನ್ಯೂಟ್ರಲ್ ಓಪನ್, 290 ಬರ್ತಿದೆ’ ಅನ್ನಿ. ಆ ಮಾತಿಗೆ ಬೇಗ ಬರುತ್ತಾರೆ. ಕಂಬದ ಹತ್ತಿರ, ಸರ್ವಿಸ್ ವೈರ್ ಹತ್ತಿರ ಮಾತ್ರ ಮನೆಯವರು ಯಾರೂ ಹೋಗಬೇಡಿ.

ಮಂಜಿನೂರು · 9:10
ನನ್ನ ತೇವದ ಮಾತು ವಾಪಸು ತಗೊಂಡೆ. ಆದರೂ ಒಂದು ಪ್ರಶ್ನೆ. ಪಿಎಸ್4 ಪವರ್ ಸಪ್ಲೈ 100ರಿಂದ 240 ವೋಲ್ಟ್ ತಡೆಯುತ್ತದೆ ಅಲ್ವಾ? ಸ್ಪೈಕ್ ಗಾರ್ಡ್ ಹಾಕಿದ್ದರೆ ಉಳಿಯುತ್ತಿತ್ತಾ?

ಸೋಲ್ಡರ್_ಹೊಗೆ · 9:34
240ರ ಮೇಲೆ ಸ್ವಲ್ಪ ತಡೆಯುತ್ತದೆ. 290 ಬರುತ್ತಲೇ ಇದ್ದರೆ ಇಲ್ಲ. ಸ್ಪೈಕ್ ಗಾರ್ಡ್ ಕ್ಷಣಮಾತ್ರದ ಏಟಿಗೆ. ಒಂದೇ ಸಮನೆ ಜಾಸ್ತಿ ವೋಲ್ಟ್ ಬಂದರೆ ಅದರೊಳಗಿನ ಎಂಓವಿಯೇ ಮೊದಲು ಸುಡುತ್ತದೆ.

ಎಂಓವಿ ಅಂದರೆ ಬಟಾಣಿಗಿಂತ ದೊಡ್ಡದಾದ, ಚಪ್ಪಟೆ ಬಿಲ್ಲೆ. ವೋಲ್ಟ್ ಹದ್ದು ಮೀರಿದರೆ ತಾನೇ ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ, ಹಿಂದಿರುವುದನ್ನು ಕಾಪಾಡುತ್ತದೆ. ಅಕ್ಕನ ಮೆಷಿನ್ನಿನಲ್ಲಿ ಇದೇ ಆಗಿರಬೇಕು ಅಂತ ನನ್ನ ಲೆಕ್ಕ. ಮೀನು ಸೀದ ವಾಸನೆಯೂ ಅದಕ್ಕೆ ಹೊಂದುತ್ತದೆ. ಹಾಗಿದ್ದರೆ ಬೋರ್ಡ್ ಉಳಿದಿರುವ ಸಾಧ್ಯತೆ ಜಾಸ್ತಿ. ನಿಮ್ಮ ಹುಡುಗನಿಗೆ ಊಟ ಮಾಡಲು ಹೇಳಿ.

ಕುಶಾಲನಗರದ_ಹುಡುಗ · 9:41
ಹಾಗಾದರೆ ಬಿಚ್ಚಿ ಫ್ಯೂಸ್ ಜಾಗಕ್ಕೆ ಒಂದು ಎಳೆ ತಂತಿ ಹಾಕಿದರೆ ಆಯಿತಲ್ಲ. ಫ್ರೆಂಡ್ ಒಬ್ಬ ಮಾಡಿದ್ದ.

ಸೋಲ್ಡರ್_ಹೊಗೆ · 9:50
ಬೇಡ ತಮ್ಮಾ, ದಯವಿಟ್ಟು ಬೇಡ. ಇದನ್ನು ಓದುವ ಬೇರೆ ಯಾರೂ ಮಾಡಬೇಡಿ. ಫ್ಯೂಸ್ ಹಾರಿದೆ ಅಂದರೆ ಹಾರಿಸಿದ್ದು ಯಾವುದೋ ಒಂದು ಒಳಗೆ ಶಾರ್ಟ್ ಆಗಿ ಕೂತಿದೆ. ತಂತಿ ಹಾಕಿದರೆ ಬೆಂಕಿ. ಮರದ ಅಟ್ಟ, ಒಣಹುಲ್ಲು ಇರುವ ಮನೆಗಳು ನಮ್ಮವು.

ಇನ್ನೊಂದು. ಆ ಪವರ್ ಸಪ್ಲೈ ಒಳಗೆ ಒಂದು ದಪ್ಪ ಕೆಪಾಸಿಟರ್ ಇದೆ. ಗೋಡೆಯ 230 ಎಸಿ ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಮೀಟರ್ ಇಟ್ಟು ಸೊನ್ನೆಗೆ ಬಂದಿದೆ ಅಂತ ನೋಡದೆ ನಾನೂ ಬೆರಳಿಡುವುದಿಲ್ಲ. ಕನ್ಸೋಲ್ ಬಿಚ್ಚಿ ಪವರ್ ಸಪ್ಲೈ ಪೆಟ್ಟಿಗೆ ಹೊರಗೆ ತೆಗೆಯುವ ತನಕ ಮನೆಯಲ್ಲಿ ಮಾಡಿ. ಆ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ.

ಏಲಕ್ಕಿ_ಕಾಡು · 10:05
ಇಷ್ಟೆಲ್ಲ ಯಾಕೆ? ಹೊಸ ಪವರ್ ಸಪ್ಲೈ ಆನ್‌ಲೈನಲ್ಲಿ ಸಿಗುತ್ತದೆ. ತರಿಸಿ ಹಾಕಿ, ಮುಗಿಯಿತು.

ತಂತಿಕಂಬ · 10:09
ನ್ಯೂಟ್ರಲ್ ಸರಿ ಆಗದೆ ಹೊಸದು ಹಾಕಿದರೆ ಹೊಸದೂ ಹೋಗುತ್ತದೆ.

ಏಲಕ್ಕಿ_ಕಾಡು · 10:14
ಅದು ಒಪ್ಪಿದೆ. ಸರಿ ಆದ ಮೇಲೆ ಅಂತಲೇ ನಾನು ಹೇಳಿದ್ದು. ಟಿವಿ ರಿಪೇರಿಯವರಿಗೆ ಪಿಎಸ್4 ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಅದರ ಅನುಭವ ಎಲ್ಲಿರುತ್ತದೆ?

ಸೋಲ್ಡರ್_ಹೊಗೆ · 10:30
ಪಿಎಸ್4 ಗೊತ್ತಿರಬೇಕಾಗಿಲ್ಲ. ಪವರ್ ಸಪ್ಲೈ ಅಂದರೆ ಅದೂ ಒಂದು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಸಣ್ಣ ಡಿಸಿ ವೋಲ್ಟ್ ಮಾಡುವ ಸರ್ಕ್ಯೂಟ್). ಟಿವಿಯಲ್ಲಿರುವುದೂ ಅದೇ, ಡಿವಿಡಿ ಪ್ಲೇಯರಿನಲ್ಲಿ ಇದ್ದದ್ದೂ ಅದೇ. ವಿರಾಜಪೇಟೆಯಲ್ಲಾಗಲಿ ಮಡಿಕೇರಿಯಲ್ಲಾಗಲಿ, ಹಳೇ ಟಿವಿ ಮೆಕ್ಯಾನಿಕ್ ಯಾರೇ ಆದರೂ ಅದನ್ನು ಕಣ್ಣು ಮುಚ್ಚಿ ಓದುತ್ತಾರೆ. ಹೊಸದೇ ತರಿಸುವುದಾದರೆ ಮೊದಲು ಹಳೆಯದರ ಮೇಲಿನ ನಂಬರ್ ನೋಡಿ. ಪಿಎಸ್4ರಲ್ಲೇ ಮೂರು ನಾಲ್ಕು ಥರ ಇವೆ, ಪಿನ್ ಬೇರೆ, ಆಕಾರ ಬೇರೆ. ದಪ್ಪ ಪಿಎಸ್4ದು ಸ್ಲಿಮ್‌ಗೆ ಕೂರುವುದಿಲ್ಲ.

ಕಿತ್ತಳೆ_ತೋಟ · 10:33
ಸ್ಕ್ರೂ ಬಗ್ಗೆಯೂ ಹೇಳಿಬಿಡಿ. ನಕ್ಷತ್ರದ ತಲೆ, ನಡುವೆ ತೂತು ಇರುವ ಸ್ಕ್ರೂ. ನಡುವೆ ತೂತಿರುವ ಸ್ಟಾರ್ ಬಿಟ್ಟೇ ಬೇಕು. ಮಾಮೂಲಿ ಸ್ಕ್ರೂಡ್ರೈವರ್ ತುರುಕಿ ನಾನು ಒಂದು ಸ್ಕ್ರೂವಿನ ತಲೆ ಹಾಳು ಮಾಡಿ, ಡ್ರಿಲ್ ಹಾಕಿ ತೆಗೆಸಬೇಕಾಯಿತು.

ಕಾಫಿಹೂವು · ಸೋಮವಾರ ಮಧ್ಯಾಹ್ನ 1:40
ಲೈನ್‌ಮನ್ ಬೆಳಿಗ್ಗೆ ಎಂಟಕ್ಕೇ ಬಂದರು. ಮಳೆಯಲ್ಲೇ ಕಂಬ ಹತ್ತಿದರು. ನ್ಯೂಟ್ರಲ್ ಜಾಯಿಂಟ್ ಕಪ್ಪಗೆ ಸುಟ್ಟು ಪುಡಿಯಾಗಿತ್ತು, ಕೆಳಗೆ ತಂದು ತೋರಿಸಿದರು. ಅಲ್ಯೂಮಿನಿಯಂ ತಂತಿಯ ಎಳೆಗಳಲ್ಲಿ ಎರಡೇ ಎರಡು ಉಳಿದಿದ್ದವು. ಅದೂ ಗಾಳಿ ಬೀಸಿದಾಗೆಲ್ಲ ಬಿಟ್ಟು ತಾಗಿ ಆಗುತ್ತಿತ್ತಂತೆ. ಈಗ ಮೀಟರಲ್ಲಿ 228. ಪಕ್ಕದ ಮನೆಯ ಫ್ರಿಜ್ ಓಡುತ್ತಿದೆ. ಲೈನ್‌ಮನ್‌ಗೆ ಕಾಫಿ, ಕಡುಬು ಕೊಟ್ಟು ಕಳಿಸಿದೆವು. ಈ ಮಳೆಯಲ್ಲಿ ಆ ಕೆಲಸ ಮಾಡುವವರನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ನಮಗೆಲ್ಲ ಬೆಳಕು ಬರಬೇಕಾದರೆ ಅವರು ಅಲ್ಲಿ ಹತ್ತಲೇಬೇಕಲ್ಲ.

ತಂತಿಕಂಬ · 1:52
ಬಹಳ ಸಂತೋಷ ಅಕ್ಕ. ಒಂದು ಕೆಲಸ ಬಾಕಿ. ಮನೆಯ ಅರ್ಥಿಂಗ್ ಗುಂಡಿ ನೋಡಿಸಿ. ಮೈನ್ ಬೋರ್ಡಿನಲ್ಲಿ ವೋಲ್ಟ್ ಜಾಸ್ತಿ ಆದರೂ ಕಡಿಮೆ ಆದರೂ ತಾನೇ ಕಟ್ ಮಾಡುವ ಪ್ರೊಟೆಕ್ಟರ್ ಹಾಕಿಸಿ. ತೋಟದ ಲೈನಿನ ಕೊನೆಯ ಮನೆಗಳಿಗೆ ಅದು ಬೇಕೇ ಬೇಕು. ಫೆಬ್ರವರಿಯಲ್ಲಿ ಎಲ್ಲರೂ ಸ್ಪ್ರಿಂಕ್ಲರ್ ಪಂಪ್ ಓಡಿಸುವಾಗ 150ಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ ಹೀಗೆ ಏರುತ್ತದೆ.

ಬ್ರಹ್ಮಗಿರಿ · 2:10
ಯುಪಿಎಸ್ ಹಾಕಿದರೆ ಸಾಲದಾ? ಸ್ಲಿಮ್ ಹೆಚ್ಚೆಂದರೆ 165 ವ್ಯಾಟ್. 600 ವಿಎ ಕಂಪ್ಯೂಟರ್ ಯುಪಿಎಸ್ ಧಾರಾಳ ಸಾಕು. ಕುಟ್ಟದಲ್ಲಿ ನಾನು ಅದನ್ನೇ ಇಟ್ಟಿದ್ದೇನೆ. ಆಟ ಸೇವ್ ಮಾಡಿ ಸರಿಯಾಗಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ, ಹಾರ್ಡ್ ಡಿಸ್ಕ್ ಉಳಿಯುತ್ತದೆ.

ತಂತಿಕಂಬ · 2:18
ಅದೂ ಇರಲಿ, ಆದರೆ ಕರೆಂಟು ಬರುವ ಕಡೆ ಅದಕ್ಕಿಂತ ಮೊದಲು ಪ್ರೊಟೆಕ್ಟರ್ ಇರಬೇಕು. ಇಲ್ಲದಿದ್ದರೆ 290ರ ಏಟು ಯುಪಿಎಸ್ ತಿನ್ನುತ್ತದೆ.

ಕೊಡೆ_ಮರೆತವ · 3:05
ವಿಷಯ ಸ್ವಲ್ಪ ಬೇರೆ. ನನ್ನ ನಿಂಟೆಂಡೊ ಸ್ವಿಚ್ ಕನ್ಸೋಲ್ ಎರಡು ತಿಂಗಳು ಪೆಟ್ಟಿಗೆಯಲ್ಲಿತ್ತು. ಈಗ ಆನ್ ಆಗುತ್ತಿಲ್ಲ. ಅದಕ್ಕೂ ನ್ಯೂಟ್ರಲ್ಲಾ?

ಕುಶಾಲನಗರದ_ಹುಡುಗ · 3:11
ಅದರಲ್ಲಿ ಬ್ಯಾಟರಿ ಇದೆ ಅಣ್ಣಾ, ಪೂರ್ತಿ ಇಳಿದಿರುತ್ತದೆ. ಅದರದ್ದೇ ಚಾರ್ಜರಿಗೆ ಹಾಕಿ ಅರ್ಧ ಗಂಟೆ ಮುಟ್ಟಬೇಡಿ. ಆಮೇಲೆ ಪವರ್ ಬಟನ್ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿದು ಬಿಟ್ಟು, ಮತ್ತೆ ಒಂದು ಸಲ ಒತ್ತಿ.

ಕೊಡೆ_ಮರೆತವ · 4:02
ಬಂತು! ತುಂಬಾ ಥ್ಯಾಂಕ್ಸ್ ತಮ್ಮಾ.

ಏಲಕ್ಕಿ_ಕಾಡು · 4:20
ಆನ್ ಆಗದ ಕನ್ಸೋಲ್ ಅಂದರೆ ನನಗೆ ನೆನಪಾಗುವುದು ಎಕ್ಸ್‌ಬಾಕ್ಸ್ 360ರ ಮೂರು ಕೆಂಪು ದೀಪ. ಮೈಕ್ರೋಸಾಫ್ಟ್ 2007ರಲ್ಲಿ ಅದಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರಿಗಿಂತ ಜಾಸ್ತಿ ದುಡ್ಡು ತೆಗೆದಿಟ್ಟಿತ್ತು. ಅದರ ಪವರ್ ಸಪ್ಲೈ ಹೊರಗೆ ಇಟ್ಟಿಗೆ ಥರ ಇರುತ್ತಿತ್ತು, ಅದಕ್ಕೇ ಒಂದು ದೀಪ. ಹಸಿರು, ಕಿತ್ತಳೆ, ಕೆಂಪು ನೋಡಿದರೆ ತೊಂದರೆ ಒಳಗೋ ಹೊರಗೋ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಪವರ್ ಸಪ್ಲೈ ಒಳಗೆ ಸೇರಿಸಿದ ಮೇಲೆ ಆ ಸುಲಭ ಹೋಯಿತು.

ಮಂಜಿನೂರು · 4:26
ಒಳಗಿರುವುದೇ ಚಂದ. ನಮ್ಮ ಮನೆಯಲ್ಲಿ ಆ ಇಟ್ಟಿಗೆಯ ಮೇಲೆ ಬೆಕ್ಕು ಮಲಗುತ್ತಿತ್ತು.

ಕಾಫಿಹೂವು · ಗುರುವಾರ ಸಂಜೆ 7:30
ಇವತ್ತು ಸೋಲ್ಡರ್ ಅಣ್ಣನ ಅಂಗಡಿಗೇ ಹೋಗಿ ಬಂದೆವು. ಮಗ ಸ್ಟಾರ್ ಬಿಟ್ ತರಿಸಿ ಮನೆಯಲ್ಲೇ ಕನ್ಸೋಲ್ ಬಿಚ್ಚಿದ್ದ, ಪವರ್ ಸಪ್ಲೈ ಮಾತ್ರ ಬಟ್ಟೆಯಲ್ಲಿ ಸುತ್ತಿ ಬಸ್ಸಲ್ಲಿ ಹೋದೆವು. ಅಣ್ಣ ಮುಚ್ಚಳ ತೆಗೆದ ಕೂಡಲೇ ಮೂವರಿಗೂ ಕಂಡಿತು. ಆ ಬಿಲ್ಲೆ ನಡುವೆ ಸೀಳಿ ಎರಡು ಹೋಳಾಗಿತ್ತು, ಸುತ್ತ ಮಸಿ. ಗಾಜಿನ ಫ್ಯೂಸ್ ಒಳಗೆ ಕನ್ನಡಿಯ ಹಿಂದಿನ ಬಣ್ಣದ ಹಾಗೆ ಬೆಳ್ಳಿ ಕಪ್ಪು ಬಳಿದಿತ್ತು. ಉಳಿದದ್ದನ್ನು ಅಣ್ಣನೇ ಬರೆಯಲಿ.

ಸೋಲ್ಡರ್_ಹೊಗೆ · 8:10
ಫ್ಯೂಸ್ ಒಳಗೆ ಹಾಗೆ ಬಳಿದಿದ್ದರೆ ಒಮ್ಮೆಲೇ ದೊಡ್ಡ ಶಾರ್ಟ್ ಆಗಿದೆ ಅಂತ ಅರ್ಥ. ನಿಧಾನಕ್ಕೆ ಹೋದ ಫ್ಯೂಸಿನಲ್ಲಿ ತಂತಿ ಸುಮ್ನೆ ತುಂಡಾಗಿರುತ್ತದೆ, ಗಾಜು ಶುಭ್ರ.

ಮೊದಲು ಕೆಪಾಸಿಟರ್ ನೋಡಿದೆ, ಸೊನ್ನೆ. ಒಡೆದ ಬಿಲ್ಲೆ ತೆಗೆದೆ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಸ್ವಿಚ್ ಥರ ಕೆಲಸ ಮಾಡುವ ಮಾಸ್‌ಫೆಟ್ ಎರಡೂ ಮೀಟರಲ್ಲಿ ಶಾರ್ಟ್ ತೋರಿಸಲಿಲ್ಲ. ಆದರೂ ನೇರ ಕರೆಂಟು ಕೊಡಲಿಲ್ಲ. ಹಾರಿದ ಫ್ಯೂಸಿನ ಜಾಗಕ್ಕೆ ಸೀರೀಸ್ ಬಲ್ಬ್ ಹಾಕಿದೆ. 100 ವ್ಯಾಟಿನ ಬುರುಡೆ ಬಲ್ಬ್ ಮೂಲಕ ಕರೆಂಟು ಬಿಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಸರಿ ಇದ್ದರೆ ಒಂದು ಸಲ ಮಿಂಚಿ ಆರುತ್ತದೆ. ಅಕ್ಕನ ಮಗ ಬಲ್ಬನ್ನೇ ನೋಡುತ್ತಾ ಉಸಿರು ಬಿಗಿ ಹಿಡಿದು ನಿಂತಿದ್ದ. ಮಿಂಚಿತು, ಆರಿತು. ಸ್ಟ್ಯಾಂಡ್‌ಬೈ, ಅಂದರೆ ಆಫ್ ಇದ್ದಾಗಲೂ ಬೋರ್ಡಿಗೆ ಹೋಗುವ 4.8 ವೋಲ್ಟ್ ಬಂತು.

ಇಲ್ಲೊಂದು ಮಾತು. ಪವರ್ ಸಪ್ಲೈ ಒಂದನ್ನೇ ಟೇಬಲ್ ಮೇಲೆ ಇಟ್ಟು ನೋಡುವಾಗ 12 ವೋಲ್ಟ್ ಬರುವುದಿಲ್ಲ. ಬೋರ್ಡ್ ಕೇಳಿದಾಗ ಮಾತ್ರ ಅದು ಕೊಡುತ್ತದೆ. ಎಷ್ಟೋ ಜನ ಇದನ್ನು ತಿಳಿಯದೆ ಒಳ್ಳೇ ಸಪ್ಲೈಯನ್ನು ಕೆಟ್ಟದ್ದು ಅಂತ ಎಸೆಯುತ್ತಾರೆ. ಸ್ಟ್ಯಾಂಡ್‌ಬೈ ವೋಲ್ಟ್ ಮೊದಲು ನೋಡಬೇಕು.

ಬದಲಿಗೆ ಅದೇ ಅಳತೆಯ ಬಿಲ್ಲೆ, ಮೇಲೆ ಬರೆದಿದ್ದ ಅದೇ ಆಂಪಿಯರಿನ ಫ್ಯೂಸ್. ಸಾಮಾನಿಗೆ 45 ರೂಪಾಯಿ, ಕೂಲಿ 300.

ಏಲಕ್ಕಿ_ಕಾಡು · 8:16
ಟಿವಿ ಮೆಕ್ಯಾನಿಕ್ ಬಗ್ಗೆ ನಾನು ಹೇಳಿದ್ದು ತಪ್ಪು. ಒಪ್ಪಿದೆ ಅಣ್ಣಾ.

ಕಾಫಿಹೂವು · 9:45
ಮನೆಗೆ ಬಂದು ಜೋಡಿಸಿದ. ನಾನು, ಅತ್ತೆ, ಇವರು ಎಲ್ಲ ಸುತ್ತ ಕೂತಿದ್ದೆವು. ಬಟನ್ ಒತ್ತಿದ. ಬೀಪ್. ಬಟನ್ ಕೆಳಗಿನ ಸಣ್ಣ ಗೆರೆ ನೀಲಿಯಾಯಿತು, ಆಮೇಲೆ ಬಿಳಿ. ಸರಿಯಾಗಿ ಆಫ್ ಮಾಡಿಲ್ಲ ಅಂತ ಟಿವಿಯಲ್ಲಿ ಬಂತು, ಅದೇ ಪರೀಕ್ಷೆ ಮಾಡಿಕೊಂಡು ಐದು ನಿಮಿಷಕ್ಕೆ ಮೆನು ಬಂತು. ಅವನ ಸೇವ್ ಎಲ್ಲ ಹಾಗೇ ಇದೆ. ಅತ್ತೆ ‘ಇಷ್ಟು ಸಣ್ಣ ಸದ್ದಿಗಾ ಇವನು ಐದು ದಿನ ಕಾದದ್ದು’ ಅಂದು ಅವನ ತಲೆ ಸವರಿದರು.

ಪ್ರೊಟೆಕ್ಟರ್ ನಾಳೆ ಹಾಕಿಸುತ್ತಿದ್ದೇವೆ, ಅರ್ಥಿಂಗ್ ಗುಂಡಿ ಮಳೆ ಬಿಟ್ಟ ಮೇಲೆ. ಎಲ್ಲರಿಗೂ ಮನಸಾರೆ ಧನ್ಯವಾದ. ಸೋಲ್ಡರ್ ಅಣ್ಣಾ, ತಂತಿಕಂಬ ಅಣ್ಣಾ, ನಮ್ಮ ಕೊಡವ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮನೆಗೆ ಬನ್ನಿ, ಮದ್ದು ಸೊಪ್ಪಿನ ಪಾಯಸ ಇರುತ್ತದೆ.

ತಂತಿಕಂಬ · 9:51
ಖಂಡಿತ ಬರುತ್ತೇನೆ ಅಕ್ಕ. ಪ್ರೊಟೆಕ್ಟರ್ ಹಾಕಿದ್ದನ್ನೂ ನೋಡಿದ ಹಾಗಾಗುತ್ತದೆ.

ಬಲಮುರಿ_ಹೊಳೆ · ಶುಕ್ರವಾರ ಬೆಳಿಗ್ಗೆ 7:12
ಇದನ್ನೆಲ್ಲ ಓದಿ ಈಗಷ್ಟೇ ನಮ್ಮ ಮನೆಯ ಪ್ಲಗ್ಗಿಗೆ ಮೀಟರ್ ಹಿಡಿದೆ. 262 ತೋರಿಸುತ್ತಿದೆ. ಬಲ್ಬ್ ಯಾವುದೂ ಹೋಗಿಲ್ಲ. ಇದಕ್ಕೂ ಫೋನ್ ಮಾಡಬೇಕಾ?

ತಂತಿಕಂಬ · 7:15
ಮಾಡಿ. ಮೊದಲು ಟಿವಿ, ಫ್ರಿಜ್ ಪ್ಲಗ್ ಕೀಳಿ.